ದಡದಲ್ಲೇ ನಿಂತು ಡಾಲ್ಫಿನ್ ನೋಡುವುದು ಹೇಗೆ: ಉಡುಪಿ, ಮಂಗಳೂರು ಕಡಲ ತೀರಕ್ಕೊಂದು ಸಮಗ್ರ ಮಾರ್ಗದರ್ಶಿ

ಮಲ್ಪೆಗೆ ಬರುವ ಪ್ರವಾಸಿಗರಲ್ಲಿ ತುಂಬಾ ಜನ ಬೋಟಿನವರ ಹತ್ತಿರ ಕೇಳುವುದು ಒಂದೇ ಪ್ರಶ್ನೆ, ಡಾಲ್ಫಿನ್ ತೋರಿಸ್ತೀರಾ ಅಂತ. ಡಾಲ್ಫಿನ್ ನೋಡಬೇಕಾದರೆ ಬೋಟ್ ಬೇಕು, ದುಡ್ಡು ಬೇಕು, ಕಡಲ ಮಧ್ಯಕ್ಕೆ ಹೋಗಬೇಕು ಎಂಬ ನಂಬಿಕೆ ಊರಿನವರಲ್ಲೂ ಇದೆ. ನಿಜವಾಗಿ ಇದ್ಯಾವುದೂ ಬೇಡ. ನಮ್ಮ ಕರಾವಳಿಯಲ್ಲಿ ಜಾಸ್ತಿ ಕಾಣುವ ಡಾಲ್ಫಿನ್ ಬದುಕುವುದೇ ದಡದ ಪಕ್ಕದಲ್ಲಿ. ಬೆಳಿಗ್ಗೆ ಬೇಗ ಎದ್ದು, ಸರಿಯಾದ ಜಾಗಕ್ಕೆ ಹೋಗಿ, ಹೊಯಿಗೆ (ಮರಳು) ಮೇಲೆ ಒಂದೆರಡು ಗಂಟೆ ಸುಮ್ನೆ ಕೂರುವ ತಾಳ್ಮೆ ಇದ್ದರೆ ಸಾಕು. ದಡದಲ್ಲಿ ಕೂತ ನಿಮ್ಮಿಂದ ಅದಕ್ಕೆ ಯಾವ ತೊಂದರೆಯೂ ಇಲ್ಲ. ಅದು ತನ್ನ ಪಾಡಿಗೆ ಮೀನು ಹಿಡಿಯುತ್ತದೆ, ಮರಿಯನ್ನು ಪಕ್ಕದಲ್ಲಿಟ್ಟುಕೊಂಡು ಈಜುತ್ತದೆ, ಆಡುತ್ತದೆ. ಬೋಟಿನಲ್ಲಿ ಅಟ್ಟಿಸಿಕೊಂಡು ಹೋದವರಿಗೆ ಕಾಣುವುದು ತಪ್ಪಿಸಿಕೊಂಡು ಹೋಗುವ ಬೆನ್ನು ಮಾತ್ರ. ಹಾಗಾಗಿ ಇಲ್ಲಿ ಮೊದಲು ದಡದ ವಿಷಯ, ಆಮೇಲೆ ಬೋಟಿನದ್ದು.

ನೋಡಲು ಹೋಗುವುದು ಯಾರನ್ನು

ಗೂನು ಬೆನ್ನಿನ ಡಾಲ್ಫಿನ್ ಅನ್ನು. ವೈಜ್ಞಾನಿಕ ಹೆಸರು ಸೌಸಾ ಪ್ಲಂಬಿಯಾ. ದಕ್ಷಿಣ ಆಫ್ರಿಕಾದಿಂದ ಭಾರತದ ತುದಿಯವರೆಗೆ, ಹಿಂದೂ ಮಹಾಸಾಗರದ ಪಶ್ಚಿಮ ಭಾಗದ ಕರಾವಳಿ ಇದರ ಮನೆ. ಬಣ್ಣ ಬೂದು, ಉದ್ದ ಸುಮಾರು ಎರಡೂವರೆ ಮೀಟರ್. ಸಾಮಾನ್ಯವಾಗಿ 25 ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲೇ ಇರುತ್ತದೆ. ಬಂದರು, ಬಲೆ, ಬೋಟು, ಊರಿನ ಕೊಳಕು ನೀರು ಎಲ್ಲವೂ ಇರುವುದು ಅದೇ ಪಟ್ಟಿಯಲ್ಲಿ ಅಲ್ವಾ, ಇದರ ಕಷ್ಟಕ್ಕೆ ಮೂಲವೂ ಅದೇ. ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನಲ್ಲಿರುವ ಪ್ರಾಣಿ. ಹೆಣ್ಣು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ, ಮುಂದಿನ ಮರಿಗೆ ಸುಮಾರು ಮೂರು ವರ್ಷ ಬೇಕು. ಒಂದು ಮರಿ ಬಲೆಗೆ ಸಿಕ್ಕಿ ಸತ್ತರೆ ಆ ನಷ್ಟ ತುಂಬಲು ಎಷ್ಟು ಕಾಲ ಬೇಕು ಎಂದು ನೀವೇ ಲೆಕ್ಕ ಹಾಕಿ.

ಇದು ನೀರಿನಿಂದ ಮೇಲೆ ಬರುವ ರೀತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೊದಲು ಉದ್ದನೆಯ ಮೂತಿ ಓರೆಯಾಗಿ ನೀರು ಸೀಳಿಕೊಂಡು ಬರುತ್ತದೆ. ಅದರ ಹಿಂದೆ ಹಣೆ. ಉಸಿರು ಬಿಡುವ ‘ಫುಸ್’ ಸದ್ದು ಗಾಳಿ ಇಲ್ಲದ ಬೆಳಿಗ್ಗೆ, ಪ್ರಾಣಿ ಹತ್ತಿರದಲ್ಲಿದ್ದರೆ, ದಡಕ್ಕೂ ಕೇಳುತ್ತದೆ. ಆಮೇಲೆ ಬೆನ್ನು ಬಿಲ್ಲಿನ ಹಾಗೆ ಬಾಗಿ ಗೂನು ಎದ್ದು ಕಾಣುತ್ತದೆ, ಗೂನಿನ ಮೇಲೆ ಒಂದು ಚಿಕ್ಕ ತ್ರಿಕೋನದ ರೆಕ್ಕೆ. ಆಳಕ್ಕೆ ಇಳಿಯುವುದಿದ್ದರೆ ಕೊನೆಗೆ ಬಾಲವೂ ಮೇಲೆ ಬರುತ್ತದೆ. ಎಲ್ಲ ಸೇರಿ ಎರಡು ಮೂರು ಸೆಕೆಂಡಿನ ಆಟ.

ಇನ್ನೊಂದು ಪ್ರಾಣಿಯೂ ನಮ್ಮ ದಡದ ಹತ್ತಿರ ಇದೆ, ಡಾಲ್ಫಿನ್‌ನ ಸಂಬಂಧಿಯಾದ, ಬೆನ್ನಿನ ರೆಕ್ಕೆಯೇ ಇಲ್ಲದ ಪೋರ್ಪಸ್. ಒಂದೂವರೆ ಮೀಟರ್ ಉದ್ದದ, ಗುಂಡು ತಲೆಯ ನಾಚಿಕೆಯ ಜೀವ. ಹಾರುವುದಿಲ್ಲ, ಬೋಟಿನ ಹತ್ತಿರ ಬರುವುದಿಲ್ಲ. ಕಡಲು ಕನ್ನಡಿಯಂತಿದ್ದರೆ ಮಾತ್ರ ಕಪ್ಪು ಬೆನ್ನೊಂದು ಹೊರಳಿದ್ದು ಕಂಡೀತು. ಗಾಳಿಯಲ್ಲಿ ಗಿರಗಿರ ತಿರುಗುವ ಸ್ಪಿನ್ನರ್ ಡಾಲ್ಫಿನ್ ಆಳ ಕಡಲಿಗೆ ಹೋಗುವ ಮೀನುಗಾರರಿಗೆ ಸಿಗುತ್ತದೆ, ದಡದಲ್ಲಿ ಅದನ್ನು ಹುಡುಕಬೇಡಿ.

ಯಾವಾಗ ಹೋಗಬೇಕು

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಅಕ್ಟೋಬರ್ ಕೊನೆ ಮತ್ತು ಮಾರ್ಚ್ ಪರವಾಗಿಲ್ಲ. ಮಳೆಗಾಲದಲ್ಲಿ ಹೋಗಬೇಡಿ. ಆಗ ಅಲೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಜೀವಕ್ಕೂ ಅಪಾಯ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ ಇರುವುದೂ ಆ ಕಾಲದಲ್ಲೇ.

ಹೊತ್ತು ಮಾತ್ರ ಬೆಳಿಗ್ಗೆಯೇ ಆಗಬೇಕು. ಇದಕ್ಕೆ ಎರಡು ಕಾರಣ. ನಮ್ಮದು ಪಶ್ಚಿಮದ ಕಡಲು, ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನ ಹಿಂದೆ ತೆಂಗಿನ ತೋಟದ ಕಡೆಯಿಂದ ಬರುತ್ತಾನೆ, ಬೆಳಕೆಲ್ಲ ನೀರಿನ ಮೇಲೆ ನೇರವಾಗಿ ಬಿದ್ದು ಒಂದು ಚಿಕ್ಕ ರೆಕ್ಕೆಯೂ ಸ್ಪಷ್ಟವಾಗಿ ಕಾಣುತ್ತದೆ. ಸಂಜೆ ಅದೇ ಸೂರ್ಯ ಎದುರಿಗಿರುತ್ತಾನೆ, ಕಣ್ಣು ಕುಕ್ಕುತ್ತದೆ. ಎರಡನೆಯದು ಗಾಳಿ. ಬೆಳಿಗ್ಗೆ ನೆಲದಿಂದ ಕಡಲಿನ ಕಡೆ ತಣ್ಣಗೆ ಬೀಸುವಾಗ ನೀರು ಚಪ್ಪಟೆಯಾಗಿರುತ್ತದೆ. ಹೊತ್ತು ಏರಿದ ಹಾಗೆ ಕಡಲ ಗಾಳಿ ಶುರುವಾಗಿ ಬಿಳಿ ನೊರೆ ಏಳುತ್ತದೆ. ನೊರೆ ಎದ್ದ ಮೇಲೆ ಹುಡುಕುವುದು ಸುಮ್ನೆ ಕಣ್ಣಿಗೆ ಶ್ರಮ, ಮನೆಗೆ ಹೋಗಿ ತಿಂಡಿ ತಿನ್ನಿ.

ಉಬ್ಬರ ಇಳಿತದ ಸಮಯವನ್ನೂ ನೋಡಿಕೊಳ್ಳಿ. ಮೊಬೈಲ್‌ನಲ್ಲಿ ಸಿಗುತ್ತದೆ, ಇಲ್ಲವಾದರೆ ಮೀನುಗಾರರನ್ನು ಕೇಳಿ, ಅವರಿಗೆ ಬಾಯಿಪಾಠ. ಇವತ್ತಿನ ಉಬ್ಬರಕ್ಕಿಂತ ನಾಳೆಯದು ಸುಮಾರು 50 ನಿಮಿಷ ತಡ. ಹೊಳೆಯ ನೀರು ಕಡಲಿಗೆ ಇಳಿಯುವಾಗ ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಜಾಗದಲ್ಲಿ, ಸಣ್ಣ ಮೀನು ಒಟ್ಟಾಗುತ್ತದೆ, ಅದನ್ನು ಹಿಡಿಯಲು ದೊಡ್ಡವು ಬರುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಜಾಸ್ತಿ, ಎಳೆತವೂ ಜಾಸ್ತಿ. ಕಾಲು ನೆನೆಸಲು ಇಳಿಯುವವರು ಇದನ್ನು ಮರೆಯಬಾರದು.

ಎಲ್ಲಿ ಕೂರಬೇಕು

ಅಳಿವೆಬಾಗಿಲು ಇರುವ ಕಡೆ. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ನನ್ನ ಮೊದಲ ಆಯ್ಕೆ ಕೋಡಿ ಬೆಂಗ್ರೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಹೊಯಿಗೆಯ ಸಣ್ಣ ಪಟ್ಟಿ, ಅದರ ತುದಿಯಲ್ಲಿ ಸ್ವರ್ಣಾ, ಸೀತಾ ಹೊಳೆಗಳು ಕಡಲು ಸೇರುವ ಜಾಗ. ಅಲ್ಲಿ ಕೂತರೆ ಹೊಳೆಯನ್ನೂ ಕಡಲನ್ನೂ ಒಟ್ಟಿಗೆ ನೋಡಬಹುದು. ಮಲ್ಪೆಯ ಸೀ ವಾಕ್ (ಕಡಲಿನ ಕಡೆ ಚಾಚಿದ ನಡಿಗೆ ದಾರಿ) ಕೂಡ ಒಳ್ಳೆಯದು, ವಯಸ್ಸಾದವರಿಗೆ ನಡೆಯಲು ಸುಲಭ, ಆದರೆ ರಜಾದಿನ ಜನಸಂದಣಿ. ಉತ್ತರಕ್ಕೆ ಹೋಗುವವರಿಗೆ ಗಂಗೊಳ್ಳಿ ಇದೆ, ಐದು ಹೊಳೆಗಳು ಸೇರುವ ಪಂಚಗಂಗಾವಳಿಯ ಅಳಿವೆ. ಮರವಂತೆಯಲ್ಲಿ ಹೆದ್ದಾರಿಯ ಪಕ್ಕದಲ್ಲೇ ಕಡಲು, ನೋಟ ಚೆನ್ನ, ಆದರೆ ದಯವಿಟ್ಟು ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿ ಬೈನಾಕ್ಯುಲರ್ ಹಿಡಿಯಬೇಡಿ.

ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ ಇದೆ. ಎತ್ತರ ಸಿಕ್ಕಿದಷ್ಟೂ ಲಾಭ. ಹೊಯಿಗೆ ಮೇಲೆ ನಿಂತವರ ಕಣ್ಣಿಗೆ ದಿಗಂತ ಸುಮಾರು 5 ಕಿಲೋಮೀಟರ್ ದೂರದಲ್ಲಿದ್ದರೆ, ಎತ್ತರಕ್ಕೆ ಹೋದಾಗ ದೂರದ ನೀರೂ ಕಾಣುತ್ತದೆ, ಅಲೆಗಳ ನಡುವಿನ ತಗ್ಗೂ ಕಾಣುತ್ತದೆ. ದೀಪಸ್ತಂಭದ ಮೇಲೆ ಬಿಡುವುದು ಸಂಜೆ ಹೊತ್ತು, ಬೆಳಿಗ್ಗೆ ಬಂಡೆಯ ಒಣಗಿದ ಭಾಗದಲ್ಲೇ ಕೂರಬೇಕು.

ಮಂಗಳೂರಿನವರಿಗೆ ಸುಲ್ತಾನ್ ಬತ್ತೇರಿಯಿಂದ ಫೆರಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ. ಅಲ್ಲಿಂದ ದಕ್ಷಿಣಕ್ಕೆ ಬೆಂಗ್ರೆ, ಅದರ ಕೊನೆಯಲ್ಲಿ ನೇತ್ರಾವತಿ, ಫಲ್ಗುಣಿ ಸೇರುವ ಅಳಿವೆ. ಮೀನುಗಾರಿಕಾ ಬೋಟುಗಳು ಒಳಗೆ ಹೊರಗೆ ಓಡಾಡುವ ದಾರಿ ಅದು, ಅವುಗಳ ಹಿಂದೆ ಗರುಡ, ಕಡಲಕಾಗೆಗಳ ದಂಡು. ಮೂಲ್ಕಿಯ ಹತ್ತಿರದ ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ಕಡಲಿಗೆ ಸೇರುತ್ತವೆ, ಜನ ಕಡಿಮೆ, ನೆಮ್ಮದಿ. ಪಣಂಬೂರಿನ ಗದ್ದಲದಲ್ಲಿ ಕೂರುವುದನ್ನು ನಾನಂತೂ ಹೇಳುವುದಿಲ್ಲ. ಸೋಮೇಶ್ವರದ ಬಂಡೆಗಳಿಂದ ನೋಟ ಸೊಗಸು, ಆದರೆ ಪಾಚಿ ಹಿಡಿದ ಬಂಡೆಯ ಅಂಚಿಗೆ ಹೋಗಲೇಬೇಡಿ. ಒಂದು ಅಲೆ ಸಾಕು.

ಏನು ತೆಗೆದುಕೊಂಡು ಹೋಗಬೇಕು

ಟೋಪಿ, ನೀರು, ಒಂದು ಪುಟ್ಟ ಪುಸ್ತಕ, ಪೆನ್ನು. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಕೊಳ್ಳುವುದಾದರೆ 8x42 ಎಂದು ಬರೆದದ್ದನ್ನು ಕೊಳ್ಳಿ. ಮೊದಲ ಸಂಖ್ಯೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಎದುರಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. 12 ಪಟ್ಟು, 20 ಪಟ್ಟು ಎಂದು ಆಸೆಪಟ್ಟು ಕೊಂಡರೆ ಕೈ ನಡುಗಿದ್ದೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. ಡ್ರೋನ್ ಬೇಡ. ಕೆಳಗೆ ಹಾರಿಸಿದರೆ ಡಾಲ್ಫಿನ್‌ಗೂ ಹಕ್ಕಿಗಳಿಗೂ ಗಾಬರಿ. ಸ್ಪೀಕರ್ ಅಂತೂ ಬೇಡವೇ ಬೇಡ.

ನೋಡುವ ಕ್ರಮ

ಕೂತ ಕೂಡಲೇ ಬೈನಾಕ್ಯುಲರ್ ಕಣ್ಣಿಗೆ ಹಚ್ಚಬೇಡಿ. ಮೊದಲ ಹತ್ತು ನಿಮಿಷ ಬರಿಗಣ್ಣಿನಿಂದ ಇಡೀ ಕಡಲು ನೋಡಿ. ಹಕ್ಕಿಗಳು ಎಲ್ಲಿ ಗುಂಪಾಗಿವೆ? ರೀವಗಳು (ಟರ್ನ್ ಹಕ್ಕಿಗಳು) ಮೇಲಿಂದ ನೀರಿಗೆ ಬೀಳುತ್ತಿವೆಯಾ? ನೀರಿನ ಮೇಲ್ಮೈ ಎಲ್ಲಾದರೂ ಕುದಿಯುವಂತೆ ಕಾಣುತ್ತಿದೆಯಾ? ಅಂಥ ಕಡೆ ಬೂತಾಯಿಯೋ ಬಂಗುಡೆಯೋ ಗುಂಪು ಕಟ್ಟಿರಬಹುದು, ಅಲ್ಲೇ ಕಣ್ಣಿಡಿ.

ಆಮೇಲೆ ಕಡಲನ್ನು ಮೂರು ಪಟ್ಟಿಯಾಗಿ ಭಾಗ ಮಾಡಿ: ಅಲೆ ಒಡೆಯುವ ಸಾಲಿನ ಸ್ವಲ್ಪ ಆಚೆ, ನಡು, ದೂರ. ಒಂದೊಂದನ್ನೂ ಬೈನಾಕ್ಯುಲರಿನಲ್ಲಿ ನಿಧಾನವಾಗಿ ದಾಟಿ. ಬಲದಿಂದ ಎಡಕ್ಕೆ ಹೋಗಿ. ನಾವು ಓದುವುದು ಎಡದಿಂದ ಬಲಕ್ಕೆ, ಆ ಅಭ್ಯಾಸದಲ್ಲಿ ಕಣ್ಣು ಬೇಗ ಜಾರುತ್ತದೆ. ತಿರುಗಿಸಿದರೆ ತಾನಾಗಿ ನಿಧಾನ ಆಗುತ್ತದೆ. ಹತ್ತಿರದ ಪಟ್ಟಿಗೆ ಜಾಸ್ತಿ ಸಮಯ ಕೊಡಿ. ಹೊಸಬರೆಲ್ಲ ದಿಗಂತ ನೋಡುತ್ತಾ ಕೂರುತ್ತಾರೆ, ಡಾಲ್ಫಿನ್ ಕಾಲ ಬುಡದಲ್ಲೇ ಹಾದು ಹೋಗಿರುತ್ತದೆ.

ಕಪ್ಪಗೆ ಏನೋ ಕಂಡಿತು ಅಂದುಕೊಳ್ಳಿ. ಅದು ಬಲೆಯ ತೇಲು ಇರಬಹುದು, ಮರದ ತುಂಡು ಇರಬಹುದು, ಅಳಿವೆಯಲ್ಲಾದರೆ ಮುಳುಗೇಳುವ ನೀರುಕಾಗೆಯೂ ಇರಬಹುದು. ಕಣ್ಣು ತೆಗೆಯದೆ ಅಲ್ಲೇ ನೋಡಿ. ತೇಲು ಅದೇ ಜಾಗದಲ್ಲಿ ಮತ್ತೆ ಮತ್ತೆ ಏಳುತ್ತದೆ. ಡಾಲ್ಫಿನ್ ಮುಳುಗಿದರೆ ಸುಮಾರು ಒಂದು ನಿಮಿಷದ ನಂತರ, ಕೆಲವೊಮ್ಮೆ ನಾಲ್ಕೈದು ನಿಮಿಷದ ನಂತರ, ಬೇರೆ ಕಡೆ ಮೇಲೆ ಬರುತ್ತದೆ. ಹಾಗಾಗಿ ಅದು ಯಾವ ಕಡೆ ಹೊರಟಿತ್ತೋ ಆ ದಿಕ್ಕಿನಲ್ಲಿ ಸ್ವಲ್ಪ ಮುಂದೆ ಕಾಯಿರಿ.

ಎಣಿಸುವಾಗ ಒಂದೇ ಹೊತ್ತಿಗೆ ಎಷ್ಟು ಬೆನ್ನು ಕಂಡವೋ ಅಷ್ಟೇ ಬರೆಯಿರಿ. ಒಂದಾದ ಮೇಲೊಂದು ಎದ್ದವನ್ನು ಕೂಡುತ್ತಾ ಹೋದರೆ ಮೂರು ಇದ್ದದ್ದು ಹದಿನೈದು ಆಗುತ್ತದೆ. ಮರಿ ಇದ್ದರೆ ತಾಯಿಯ ಪಕ್ಕಕ್ಕೆ ಅಂಟಿಕೊಂಡ ಹಾಗೆ ಈಜುತ್ತದೆ, ಉಸಿರಿಗೆ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತಾರೆ. ದಿನ, ಹೊತ್ತು, ಜಾಗ, ಎಷ್ಟು, ಯಾವ ದಿಕ್ಕಿಗೆ, ಏನು ಮಾಡುತ್ತಿದ್ದವು, ಹತ್ತಿರ ಬೋಟು ಇತ್ತಾ ಎಂದು ಬರೆದಿಟ್ಟುಕೊಳ್ಳಿ. ಕಾಣದ ದಿನವನ್ನೂ ಬರೆಯಿರಿ, ಲೆಕ್ಕಕ್ಕೆ ಅದೂ ಬೇಕು. ಭಾರತದ ಕಡಲ ಸಸ್ತನಿಗಳ ಬಗ್ಗೆ ಇಂಥ ಮಾಹಿತಿ ಸೇರಿಸುವ ಸಂಶೋಧಕರ ಜಾಲ ಇದೆ, ಕಂಡ ಜೀವಿಗಳನ್ನು ಯಾರು ಬೇಕಾದರೂ ದಾಖಲಿಸಬಹುದಾದ ಐನ್ಯಾಚುರಲಿಸ್ಟ್ ಜಾಲತಾಣದಲ್ಲೂ ಹಾಕಬಹುದು.

ಅದಕ್ಕೆ ಇಷ್ಟವಿಲ್ಲ ಎಂದು ತಿಳಿಯುವುದು ಹೇಗೆ

ಇದು ಮುಖ್ಯವಾಗಿ ಬೋಟಿನಲ್ಲಿ ಹೋಗುವವರಿಗೆ. ಆರಾಮಾಗಿ ಸುತ್ತಾಡುತ್ತಿದ್ದ ಗುಂಪು ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿದರೆ, ಬಿಡಿಬಿಡಿಯಾಗಿದ್ದವು ಒತ್ತಾಗಿ ಸೇರಿಕೊಂಡರೆ, ಮುಳುಗುವ ಹೊತ್ತು ಉದ್ದವಾದರೆ, ಬಾಲದಿಂದ ನೀರಿಗೆ ಪದೇ ಪದೇ ಬಡಿದರೆ, ತಾಯಿ ಮರಿಯನ್ನು ಆಚೆ ಬದಿಗೆ ಮಾಡಿಕೊಂಡು ನಿಮ್ಮ ಬೋಟಿಗೂ ಮರಿಗೂ ನಡುವೆ ತಾನು ಬಂದರೆ, ನೀವು ಹತ್ತಿರ ಹೋಗಿದ್ದು ಜಾಸ್ತಿಯಾಯಿತು ಎಂದೇ ಅರ್ಥ. ವಾಪಸ್ ಹೊರಡಿ. ಇನ್ನೈದು ನಿಮಿಷ ನೋಡುವ ಎನ್ನಬೇಡಿ.

ಮಕ್ಕಳು ಇಂಗ್ಲೆಂಡಿನಲ್ಲಿದ್ದಾರೆ, ಚಳಿಗಾಲಕ್ಕೆ ಅಲ್ಲಿಗೆ ಹೋಗುತ್ತೇವೆ ಎನ್ನುವವರು ನಮ್ಮ ಊರುಗಳಲ್ಲಿ ತುಂಬಾ ಇದ್ದೀರಿ. ಅಲ್ಲಿ ನೀವು ನೋಡುವುದು ಸೀಲ್ ಎಂಬ ಕಡಲ ಸಸ್ತನಿಯನ್ನು. ನಮ್ಮ ಕಡಲಲ್ಲಿ ಸೀಲ್ ಇಲ್ಲ, ಅಲ್ಲಿ ಪೂರ್ವ ಕರಾವಳಿಯ ಲಿಂಕನ್‌ಶೈರಿನ ಡೋನಾ ನೂಕ್‌ನಂಥ ಕಡೆ ನವೆಂಬರ್, ಡಿಸೆಂಬರಿನಲ್ಲಿ ಬೂದು ಸೀಲುಗಳು ದಡಕ್ಕೆ ಬಂದು ಮರಿ ಹಾಕುತ್ತವೆ. ಬೇಲಿಯ ಈಚೆ ನಿಂತು ನೋಡಬೇಕು. ಅವು ನೆಲದ ಮೇಲಿರುವುದರಿಂದ ಸೂಚನೆ ಸುಲಭ: ಮಲಗಿದ್ದ ಸೀಲ್ ತಲೆ ಎತ್ತಿ ನಿಮ್ಮನ್ನೇ ನೋಡಿದರೆ ಅಲ್ಲೇ ನಿಲ್ಲಿ, ಮೆಲ್ಲನೆ ಹಿಂದೆ ಬನ್ನಿ. ತಾಯಿ ಮರಿಗೆ ಹಾಲು ಕೊಡುವುದೇ ಸುಮಾರು ಮೂರು ವಾರ. ಆ ಅವಧಿಯಲ್ಲಿ ಜನರಿಗೆ ಹೆದರಿ ಅದು ನೀರಿಗೆ ಓಡಿದರೆ ಬಿಳಿ ತುಪ್ಪಳದ ಮರಿ ಹಸಿದು ಉಳಿಯುತ್ತದೆ. ಒಂಟಿ ಮರಿ ಕಂಡಿತು ಎಂದು ಮುಟ್ಟಬೇಡಿ, ನೀರಿಗೆ ತಳ್ಳಬೇಡಿ, ಅಲ್ಲಿನ ಕಾರ್ಯಕರ್ತರಿಗೆ ಹೇಳಿ.

ಬೋಟಿನಲ್ಲಿ ಹೋಗಲೇಬೇಕಾದರೆ

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೇಗೂ ಜನ ಹೋಗುತ್ತಾರೆ, ದಾರಿಯಲ್ಲಿ ಡಾಲ್ಫಿನ್ ಕಂಡರೆ ಒಳ್ಳೆಯದೇ. ಹತ್ತುವ ಮೊದಲು ಲೈಫ್ ಜಾಕೆಟ್ ಹಾಕಿ, ಬೋಟಿನವರ ಹತ್ತಿರ ಮಾತಾಡಿ. ನಾನು ಹೇಳುವುದು ಹೀಗೆ: “ಅಣ್ಣ, ಡಾಲ್ಫಿನ್ ಕಂಡ್ರೆ ಹತ್ರ ಹೋಗುವುದು ಬೇಡ. ನಿಧಾನ ಮಾಡಿ ದೂರದಲ್ಲೇ ನಿಲ್ಲಿಸಿ, ಅವೇ ಬಂದ್ರೆ ನೋಡುವ, ಇಲ್ಲದಿದ್ರೂ ಪರ್ವಾಗಿಲ್ಲ.” ಕೊನೆಯ ಮಾತು ಬಹಳ ಮುಖ್ಯ. ಪ್ರವಾಸಿಗರು ಹತ್ತಿರ, ಇನ್ನೂ ಹತ್ತಿರ ಎಂದು ಕೂಗುವುದರಿಂದಲೇ ಅವರು ಅಟ್ಟಿಸುವುದು. ಕಾಣದಿದ್ದರೂ ಬೇಜಾರಿಲ್ಲ ಎಂದು ನೀವೇ ಮೊದಲು ಹೇಳಿದರೆ ಅವರಿಗೂ ಹಗುರ. ಕಡಲನ್ನು ನಮಗಿಂತ ಎಷ್ಟೋ ಚೆನ್ನಾಗಿ ಬಲ್ಲವರು ಅವರು, ಗೌರವದಿಂದ ಕೇಳಿದರೆ ಖುಷಿಯಿಂದ ತೋರಿಸುತ್ತಾರೆ.

ಕನಿಷ್ಠ 50 ಮೀಟರ್ ದೂರ ಇರಲಿ. ಕ್ರಿಕೆಟ್ ಪಿಚ್ ಉದ್ದ ಸುಮಾರು 20 ಮೀಟರ್, ಅಂಥ ಎರಡೂವರೆ ಪಿಚ್. ಹಿಂದಿನಿಂದ ಬೆನ್ನಟ್ಟಬಾರದು, ಎದುರಿನಿಂದ ಅಡ್ಡ ಹಾಕಬಾರದು, ಪಕ್ಕದಲ್ಲಿ ಅವು ಹೋಗುವ ದಿಕ್ಕಿನಲ್ಲೇ ನಿಧಾನ ಸಾಗಬೇಕು. ಗುಂಪಿನ ನಡುವೆ ನುಗ್ಗಬಾರದು. ಅವೇ ಹತ್ತಿರ ಬಂದರೆ ಇಂಜಿನ್ ನ್ಯೂಟ್ರಲ್‌ಗೆ ಹಾಕಿಸಿ. ಅಲ್ಲಿ ಆಗಲೇ ಎರಡು ಬೋಟು ಇದ್ದರೆ ಮೂರನೆಯದಾಗಿ ಹೋಗಬೇಡಿ. 20 ನಿಮಿಷ ನೋಡಿದರೆ ಸಾಕು. ನೀರಿಗೆ ಹಾರುವುದು, ಮೀನು ಎಸೆದು ಕರೆಯುವುದು ಎರಡೂ ಬೇಡ.

ಇಂಜಿನ್ ಬಗ್ಗೆ ಇಷ್ಟು ಯಾಕೆ ಹೇಳುತ್ತೇನೆ ಎಂದರೆ, ಕೆಸರು ನೀರಿನಲ್ಲಿ ಡಾಲ್ಫಿನ್ ಮೀನು ಹುಡುಕುವುದು ಸದ್ದಿನಿಂದ. ಟಿಕ್ ಟಿಕ್ ಎಂಬ ಸಣ್ಣ ಸದ್ದು ಮಾಡಿ, ಅದು ಮೀನಿಗೆ ತಾಗಿ ಮರಳಿ ಬಂದದ್ದನ್ನು ಕೇಳಿಸಿಕೊಂಡು ಎಲ್ಲಿದೆ, ಎಷ್ಟು ದೊಡ್ಡದಿದೆ ಎಂದು ತಿಳಿದುಕೊಳ್ಳುತ್ತದೆ. ಒಂದನ್ನೊಂದು ಕರೆಯುವುದೂ ಸಿಳ್ಳೆಯಂಥ ಸದ್ದಿನಿಂದ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ವೇಗದಲ್ಲಿ, ತುಂಬಾ ದೂರ ಹೋಗುತ್ತದೆ. ನಾಲ್ಕು ಬೋಟು ಸುತ್ತ ಗುಡುಗುತ್ತಿದ್ದರೆ ಊಟವೂ ಸಿಗುವುದಿಲ್ಲ, ಮರಿಯ ಕೂಗೂ ಕೇಳುವುದಿಲ್ಲ.

ಕಾನೂನಿನ ಮಾತು ಚಿಕ್ಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಡಾಲ್ಫಿನ್ ಮೊದಲನೇ ಅನುಸೂಚಿಯಲ್ಲಿದೆ, ಹುಲಿಗಿರುವ ರಕ್ಷಣೆಯೇ ಇದಕ್ಕೂ. ಆ ಕಾಯ್ದೆ ಬೇಟೆ ಎನ್ನುವಾಗ ಕೊಲ್ಲುವುದನ್ನಷ್ಟೇ ಹೇಳುವುದಿಲ್ಲ, ಅಟ್ಟುವುದು, ಆಮಿಷ ಹಾಕುವುದೂ ಅದರಲ್ಲಿ ಸೇರಿದೆ.

ಗುಂಪು ಕರೆದುಕೊಂಡು ಹೋಗುವವರಿಗೆ

ಶಾಲೆಯ ಮಕ್ಕಳನ್ನೋ ಗೆಳೆಯರನ್ನೋ ಕರೆದುಕೊಂಡು ದಡದ ನಡಿಗೆ ಮಾಡಬೇಕೆಂದಿದ್ದರೆ ಹತ್ತು ಜನಕ್ಕಿಂತ ಜಾಸ್ತಿ ಬೇಡ. ಹಿಂದಿನ ದಿನವೇ ಹೋಗಿ ದಾರಿ, ನೆರಳು, ಶೌಚಾಲಯ ನೋಡಿಕೊಂಡು ಬನ್ನಿ. ಅಲ್ಲಿನ ಮೊಗವೀರ ಹಿರಿಯರೊಬ್ಬರ ಹತ್ತಿರ ವಿಷಯ ಹೇಳಿ, ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆಯಿರಿ. ಕಡಲಿನ ಬಗ್ಗೆ ಅವರು ಹೇಳುವ ಮಾತು ಬೇರೆಲ್ಲೂ ಸಿಗುವುದಿಲ್ಲ, ಅವರ ಸಮಯಕ್ಕೆ ತಕ್ಕ ಹಣವನ್ನೂ ಕೊಡಿ.

ಆರೂವರೆಗೆ ಎಲ್ಲರೂ ಸೇರಿ. ನಿಯಮಗಳನ್ನು ದಡಕ್ಕೆ ಇಳಿಯುವ ಮೊದಲೇ ಹೇಳಿ ಮುಗಿಸಿ, ಕಡಲು ಕಂಡ ಮೇಲೆ ಮಕ್ಕಳು ಕೇಳುವುದಿಲ್ಲ. ಮುಂದೆ ಒಬ್ಬರು, ಹಿಂದೆ ಒಬ್ಬರು ದೊಡ್ಡವರಿರಲಿ. ಒದ್ದೆ ಹೊಯಿಗೆಯ ಮೇಲೆ ನಡೆಯಿರಿ, ಹರಡಿದ ಬಲೆ ತುಳಿಯಬೇಡಿ, ದೋಣಿಯ ಮೇಲೆ ಹತ್ತಿ ಫೋಟೋ ಬೇಡ. ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ಬಲೆ) ಎಳೆಯುತ್ತಿದ್ದರೆ ಪಕ್ಕಕ್ಕೆ ನಿಂತು ನೋಡಿ, ಬಲೆಯ ಆಚೆಗೂ ಒಂದು ಕಣ್ಣಿರಲಿ, ಮೀನಿನ ಆಸೆಗೆ ಡಾಲ್ಫಿನ್ ಅಲ್ಲಿ ಸುಳಿಯುವುದುಂಟು. ಅರ್ಧ ಗಂಟೆ ನಡಿಗೆ, ಒಂದು ಗಂಟೆ ಕೂರುವುದು, ಅಷ್ಟೇ. ಮಕ್ಕಳಿಗೆ ಒಬ್ಬೊಬ್ಬರಿಗೂ ಕಡಲಿನ ಒಂದೊಂದು ತುಂಡು ಹಂಚಿಕೊಡಿ, “ಈ ದೋಣಿಯಿಂದ ಆ ಬಂಡೆವರೆಗೆ ನಿನ್ನದು” ಅಂತ. ಕಾಣದಿದ್ದರೆ ಕಾಣಲಿಲ್ಲ ಎಂದೇ ಹೇಳಿ, ತೇಲನ್ನು ಡಾಲ್ಫಿನ್ ಮಾಡಬೇಡಿ.

ಚಳಿಗಾಲದಲ್ಲಿ ಹೊಯಿಗೆ ಮೇಲೆ ನೀರಿನಿಂದ ಮೇಲಕ್ಕೆ ಬಂದು ಮತ್ತೆ ನೀರಿಗೆ ಇಳಿದ ಅಗಲವಾದ ಗುರುತು ಕಂಡರೆ ಅದು ಕಡಲಾಮೆಯದ್ದು. ಆಲಿವ್ ರಿಡ್ಲೆ ಆಮೆ ಒಂದು ಗುಂಡಿಯಲ್ಲಿ ನೂರರಷ್ಟು ಮೊಟ್ಟೆ ಇಡುತ್ತದೆ, ಮರಿ ಆಗಲು 45ರಿಂದ 60 ದಿನ. ಗುರುತಿನ ಮೇಲೆ ನಡೆಯಬೇಡಿ, ಕೆದಕಬೇಡಿ, ಜಾಗ ನೆನಪಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ರಾತ್ರಿ ಟಾರ್ಚ್ ಬಿಡುವುದು ಬೇಡ, ಮರಿಗಳು ಬೆಳಕಿನ ಕಡೆ ಹೋಗಿ ದಾರಿ ತಪ್ಪುತ್ತವೆ.

ದಡಕ್ಕೆ ಬಂದು ಬಿದ್ದ ಡಾಲ್ಫಿನ್ ಕಂಡರೆ

ಜೀವ ಇದೆಯಾ ನೋಡಿ, ತಲೆಯ ಮೇಲಿನ ಉಸಿರಿನ ತೂತು ತೆರೆದು ಮುಚ್ಚುತ್ತಿದೆಯಾ ಎಂದು. ಜೀವ ಇದ್ದರೆ ತಕ್ಷಣ ಅರಣ್ಯ ಇಲಾಖೆಯ 1926ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಜನರನ್ನು, ನಾಯಿಗಳನ್ನು ದೂರ ಇರಿಸಿ. ಬೈರಾಸನ್ನೋ ಹಳೆಯ ಬೆಡ್‌ಶೀಟನ್ನೋ ಕಡಲ ನೀರಿನಲ್ಲಿ ನೆನೆಸಿ ಮೈಮೇಲೆ ಹೊದಿಸಿ, ಉಸಿರಿನ ತೂತಿನ ಮೇಲೆ ಮಾತ್ರ ಬಟ್ಟೆಯಾಗಲಿ ನೀರಾಗಲಿ ಬೀಳಬಾರದು. ಬಿಸಿಲಿದ್ದರೆ ಕೊಡೆ ಹಿಡಿಯಿರಿ. ಬಾಲ, ರೆಕ್ಕೆ ಹಿಡಿದು ಎಳೆಯಬೇಡಿ, ಕೀಲು ಮುರಿಯುತ್ತದೆ. ಸಹಾಯ ಬರುವ ಮೊದಲೇ ನೀರಿಗೆ ತಳ್ಳುವ ಆತುರವೂ ಬೇಡ, ಕಾಯಿಲೆ ಬಿದ್ದ ಪ್ರಾಣಿ ಅಲೆಯಲ್ಲಿ ಉಸಿರು ಕಟ್ಟಿ ಸಾಯಬಹುದು.

ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಪ್ರಾಣಿಯಿಂದ ಮನುಷ್ಯನಿಗೆ ರೋಗ ದಾಟಬಹುದು. ಪಕ್ಕದಲ್ಲಿ ಒಂದು ಚಪ್ಪಲಿಯನ್ನೋ ಕೊಡೆಯನ್ನೋ ಅಳತೆಗೆ ಇಟ್ಟು ತಲೆಯಿಂದ ಬಾಲದವರೆಗಿನ ಫೋಟೋ, ಬೆನ್ನಿನ ರೆಕ್ಕೆಯ ಫೋಟೋ, ಮೈಮೇಲೆ ಬಲೆ ಕೊಯ್ದ ಗಾಯ ಇದ್ದರೆ ಅದರ ಫೋಟೋ ತೆಗೆಯಿರಿ. ಜಾಗದ ಲೊಕೇಶನ್ ಜೊತೆ ಅರಣ್ಯ ಇಲಾಖೆಗೆ ಕಳಿಸಿ. ಅವರು ಬರುವ ಮೊದಲು ಯಾರಾದರೂ ಹೂಳಲು ಹೊರಟರೆ ಸ್ವಲ್ಪ ತಡೆಯಲು ಹೇಳಿ, ಯಾಕೆ ಸತ್ತಿತು ಎಂದು ತಿಳಿಯಬೇಕಾದರೆ ಪಶುವೈದ್ಯರು ಅದನ್ನು ನೋಡಲೇಬೇಕು.